ಮೇಷ್ಟ್ರ ಕೆಲಸಕ್ಕೆ ಎಷ್ಟು ವಯಸ್ಸಾಗಿರಬೇಕು?

ಕರ್ನಾಟಕದಲ್ಲಿ ಸರ್ಕಾರಿ ನೌಕರಿಗೆ ಸೇರಲು 18 ವರ್ಷ ತುಂಬಿರಬೇಕು ಎನ್ನುತ್ತದೆ 1977ರ ಸಾಮಾನ್ಯ ನೇಮಕಾತಿ ನಿಯಮ. ವಯಸ್ಸಿನ ಲೆಕ್ಕ ಹಿಡಿಯುವುದು ಅರ್ಜಿ ಹಾಕಲು ಕೊಟ್ಟ ಕೊನೆಯ ದಿನಕ್ಕೆ. ಕೆಲವು ಹುದ್ದೆಗಳಿಗೆ ಇಲಾಖೆ ಇನ್ನೂ ಮೇಲಿನ ಮಿತಿ ಇಡುತ್ತದೆ. 2022ರಲ್ಲಿ ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಶಿಕ್ಷಕರನ್ನು ಕರೆದಾಗ ಕನಿಷ್ಠ ವಯಸ್ಸು 21 ಆಗಿತ್ತು.

ಪಾಠ ಹೇಳುವವರ ಮಟ್ಟಿಗೆ ಈ ಮಿತಿಗಳು ಹೆಚ್ಚುಕಮ್ಮಿ ಇದ್ದೂ ಇಲ್ಲದಂತೆ. ಆರು ತುಂಬಿ ಒಂದನೇ ತರಗತಿಗೆ ಸೇರಿದ ಮಗು ಎಸ್ಸೆಸ್ಸೆಲ್ಸಿ ಮುಗಿಸುವಾಗ 16, ಪಿಯುಸಿ ಮುಗಿಸುವಾಗ 18. ಮೇಲೆ ಎರಡು ವರ್ಷ ಡಿ.ಎಡ್ ಓದಿದರೆ 20 ಆಯಿತು. ಪದವಿಗೆ ಮೂರು ವರ್ಷ, ಬಿ.ಎಡ್‌ಗೆ ಎರಡು ಎಂದರೆ 23. ನಾಲ್ಕು ವರ್ಷದ ಸಂಯೋಜಿತ ಕೋರ್ಸು ಹಿಡಿದವರಿಗೆ ಒಂದು ವರ್ಷ ಉಳಿಯುತ್ತದೆ, ಅಷ್ಟೆ. ಇದಾದ ಮೇಲೆ ಟಿಇಟಿ ಪಾಸಾಗಬೇಕು, ನೇಮಕಾತಿ ಪರೀಕ್ಷೆ ಬರೆಯಬೇಕು. 21ನೇ ಹುಟ್ಟುಹಬ್ಬಕ್ಕೆ ಕಾದು ಕುಳಿತ ಅಭ್ಯರ್ಥಿ ಎಲ್ಲಿ ಸಿಗುತ್ತಾನೆ?

18ರ ಮಿತಿ ನಿಜವಾಗಿ ತಡೆಯುವುದು ಬೇರೆಯವರನ್ನು. ಸೇವೆಯಲ್ಲಿದ್ದಾಗಲೇ ಶಿಕ್ಷಕರೊಬ್ಬರು ತೀರಿಕೊಂಡು, ಹತ್ತನೇ ತರಗತಿ ಮುಗಿಸಿದ ಮಗಳು ಮನೆಯಲ್ಲಿದ್ದಾಳೆ ಎನ್ನಿ. ಮನೆಗೆ ದುಡಿಮೆ ಬೇಕಿರುವುದು ಇವತ್ತು. ಅನುಕಂಪದ ನೌಕರಿ ಕೂಡ 18 ತುಂಬುವ ತನಕ ಅವಳ ಕೈಗೆ ಸಿಗದು.

ಶಿಕ್ಷಕ ಅಭ್ಯರ್ಥಿಗಳ ನಿದ್ದೆ ಕೆಡಿಸುವುದು ಗರಿಷ್ಠ ಮಿತಿ. 2022ರ ಅದೇ ನೇಮಕಾತಿಯಲ್ಲಿ ಅದು ಸಾಮಾನ್ಯ ವರ್ಗಕ್ಕೆ 42, ಹಿಂದುಳಿದ ವರ್ಗಗಳಿಗೆ 45, ಪರಿಶಿಷ್ಟರಿಗೆ 47 ಇತ್ತು. ಧಾರಾಳವಾಯಿತು ಅನ್ನಿಸಬಹುದು. ಆದರೆ ನೇಮಕಾತಿ ಪ್ರತಿ ವರ್ಷ ನಡೆಯುವುದಿಲ್ಲ; ಎರಡು ಅಧಿಸೂಚನೆಗಳ ನಡುವೆ ವರ್ಷಗಳೇ ಕಳೆಯುತ್ತವೆ. ಕೋಚಿಂಗ್ ಸೆಂಟರುಗಳ ಮುಂದೆ ‘ಏಜ್ ಬಾರ್ ಆಯ್ತು’ ಎಂಬ ಮಾತು ದಿನವೂ ಕೇಳುವಂಥದ್ದು. ಸರ್ಕಾರ ತಡ ಮಾಡಿದ್ದನ್ನು ಅಭ್ಯರ್ಥಿಯ ವಯಸ್ಸಿಗೆ ಸೇರಿಸುವುದು ನ್ಯಾಯವೇನಲ್ಲ.

ಇಷ್ಟೆಲ್ಲ ಲೆಕ್ಕ ನಿಂತಿರುವುದು ಜನ್ಮದಿನಾಂಕವೆಂಬ ಒಂದು ನಮೂದಿನ ಮೇಲೆ. ಅದನ್ನು ಬರೆದದ್ದು ಯಾರು? ಹಿಂದಿನ ತಲೆಮಾರಿನ ಹಳ್ಳಿಗಳಲ್ಲಿ ಬಹುಪಾಲು ಹೆಡ್ ಮಾಸ್ತರೇ. ಮಗುವನ್ನು ಎದುರಿಗೆ ನಿಲ್ಲಿಸಿ, ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಬೆರಳಿಗೆ ಕಿವಿ ಸಿಕ್ಕರೆ ಒಂದನೇ ಕ್ಲಾಸು. ಸಿಗದಿದ್ದರೆ ‘ಬರೋ ವರ್ಷ ಕರ್ಕೊಂಡು ಬಾರವ್ವ’. ಹುಟ್ಟಿದ ದಿನ ಯಾವುದೆಂದರೆ ತಾಯಿ, ‘ಕೆರೆ ಕೋಡಿ ಬಿದ್ದ ವರ್ಷ ಸ್ವಾಮಿ, ಗೌರಿ ಹಬ್ಬದ ಹಿಂದಿನ ವಾರ’ ಎನ್ನುವಳು. ಮಾಸ್ತರು ದಾಖಲಾತಿ ರಿಜಿಸ್ಟರಿನಲ್ಲಿ ಜೂನ್ 1 ಎಂದು ಬರೆದು, ಶಾಲೆಗೆ ಸೇರುವ ವಯಸ್ಸಿಗೆ ಸರಿಹೊಂದುವ ಇಸವಿ ಹಾಕುವರು. ಶ್ರಾವಣದ ಕೂಸು ಹೀಗೆ ಜ್ಯೇಷ್ಠದಲ್ಲಿ ಹುಟ್ಟಿಬಿಡುತ್ತಿತ್ತು.

ಆ ದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಇಳಿಯುತ್ತದೆ, ಅಲ್ಲಿಂದ ಸೇವಾ ಪುಸ್ತಕಕ್ಕೆ. ಮುಂದೆ ತಿದ್ದುಪಡಿಗೆ ದಾರಿ ಬಲು ಕಿರಿದು. ರಾಜ್ಯ ನೌಕರರ ವಯೋನಿರ್ಣಯಕ್ಕೆ 1974ರಲ್ಲಿ ಬಂದ ಕಾಯ್ದೆಯ ಪ್ರಕಾರ, ಸೇವಾ ಪುಸ್ತಕದಲ್ಲಿ ದಿನಾಂಕ ದಾಖಲಾದ ಮೂರು ವರ್ಷದೊಳಗೆ ಸರ್ಕಾರಕ್ಕೆ ಅರ್ಜಿ ಹಾಕಬೇಕು. ನಿವೃತ್ತಿ ಹತ್ತಿರವಾದಾಗ ಅಟ್ಟದಿಂದ ಜಾತಕ ಇಳಿಸಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಈ ಬಿಗಿ ಸರಿಯಾದದ್ದೇ; ಇಲ್ಲದಿದ್ದರೆ ಕೊನೆಯ ವರ್ಷ ಎಲ್ಲರೂ ಒಂದೆರಡು ವರ್ಷ ಚಿಕ್ಕವರಾಗುತ್ತಿದ್ದರು.

ರಾಜ್ಯದಲ್ಲಿ ನಿವೃತ್ತಿ ವಯಸ್ಸು 2008ರಲ್ಲಿ 58ರಿಂದ 60ಕ್ಕೆ ಏರಿತು. ಸಾಮಾನ್ಯವಾಗಿ 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ. ಒಂದನೇ ತಾರೀಖು ಹುಟ್ಟಿದವರಿಗೆ ಮಾತ್ರ ಹಿಂದಿನ ತಿಂಗಳ ಕೊನೆಗೇ. ಹಾಗಾಗಿ ಜೂನ್ 1ರ ಮೇಷ್ಟ್ರುಗಳೆಲ್ಲ ಮೇ 31ಕ್ಕೆ ಒಟ್ಟಿಗೆ ಮನೆಗೆ ಹೊರಡುತ್ತಾರೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವುದು ಅದೇ ಹೊತ್ತಿಗೆ. ಖಾಲಿಯಾದ ಕುರ್ಚಿಗೆ ಮುಂದಿನ ನೇಮಕಾತಿಯ ತನಕ ಅತಿಥಿ ಶಿಕ್ಷಕರೇ ಗತಿ.