ಮುಂಗಡ ಸಮೀಕ್ಷೆ, ಮುಂಗಡ ದೇಣಿಗೆ: ವರ್ತಕರು ತೂಗಿ ನೋಡಬೇಕಾದ ಎರಡು ಲೆಕ್ಕಗಳು

ಚುನಾವಣೆ ಸಮೀಪಿಸಿದೊಡನೆ ಕಮರ್ಷಿಯಲ್ ಸ್ಟ್ರೀಟಿನ ಜವಳಿ ಅಂಗಡಿಯಿಂದ ಕೃಷ್ಣರಾಜಪುರದ ಸಣ್ಣ ಕೈಗಾರಿಕಾ ಘಟಕದವರೆಗೆ ಎರಡು ಪ್ರಶ್ನೆಗಳು ತಲೆಯೆತ್ತುತ್ತವೆ. ಗೆಲ್ಲುವವರು ಯಾರು? ದೇಣಿಗೆ ಕೇಳಿ ಬಂದವರಿಗೆ ಏನು ಹೇಳುವುದು? ಅನೇಕರು ಮೊದಲ ಪ್ರಶ್ನೆಗೆ ಸಮೀಕ್ಷೆಗಳಲ್ಲಿ ಉತ್ತರ ಹುಡುಕಿ, ಅದರ ಮೇಲೆಯೇ ಎರಡನೆಯದನ್ನು ನಿರ್ಧರಿಸುತ್ತಾರೆ. ಈ ಲೆಕ್ಕಗಳ ಇತಿಮಿತಿಗಳನ್ನು ಅರಿಯದೆ ಹೂಡಿಕೆ ಮಾಡುವುದಾಗಲಿ, ದೇಣಿಗೆ ನೀಡುವುದಾಗಲಿ ಅಪಾಯಕರ.

ಈ ಎರಡು ಲೆಕ್ಕಗಳನ್ನು ಬಹಿರಂಗವಾಗಿ ನೋಡಲು ಸಾಧ್ಯವಿರುವುದು ಅಮೆರಿಕದ ಅಧ್ಯಕ್ಷೀಯ ಪ್ರಾಥಮಿಕ ಚುನಾವಣೆಗಳಲ್ಲಿ. ಅಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಹಂತದಲ್ಲಿಯೇ ಸ್ಪರ್ಧಿಗಳು ಸಂಗ್ರಹಿಸಿದ ಹಣದ ವಿವರವನ್ನು ನಿಯತಕಾಲಿಕವಾಗಿ ಫೆಡರಲ್ ಚುನಾವಣಾ ಆಯೋಗಕ್ಕೆ ಸಲ್ಲಿಸಬೇಕು. ಆದರೂ ಈ ಅಂಕಿಗಳು ಭವಿಷ್ಯವನ್ನು ನುಡಿಯವು. 2003ರ ಅಂತ್ಯದಲ್ಲಿ ಡೆಮಾಕ್ರಟಿಕ್ ಪಕ್ಷದ ಹೊವಾರ್ಡ್ ಡೀನ್ ಸಮೀಕ್ಷೆಯಲ್ಲಿಯೂ ನಿಧಿ ಸಂಗ್ರಹದಲ್ಲಿಯೂ ಮುಂದಿದ್ದರು. 2004ರ ಜನವರಿಯಲ್ಲಿ ಅಯೋವಾದಲ್ಲಿ ಅವರು ಮೂರನೆಯ ಸ್ಥಾನಕ್ಕೆ ಇಳಿದರು. ಪಕ್ಷದ ಅಭ್ಯರ್ಥಿಯಾದವರು ಜಾನ್ ಕೆರಿ. 2015ರ ಮೊದಲಾರ್ಧದಲ್ಲಿ ರಿಪಬ್ಲಿಕನ್ ಪಕ್ಷದ ಜೆಬ್ ಬುಷ್ ಅವರ ಬೆಂಬಲಿಗ ಸಮಿತಿಯು 10 ಕೋಟಿ ಡಾಲರಿಗೂ ಹೆಚ್ಚು ಸಂಗ್ರಹಿಸಿತ್ತು. 2016ರ ಫೆಬ್ರವರಿಯಲ್ಲಿ ಅವರು ಕಣದಿಂದಲೇ ಹಿಂದೆ ಸರಿದರು.

ನಮ್ಮಲ್ಲಿ ಅಂತಹ ಪ್ರಾಥಮಿಕ ಚುನಾವಣೆಗಳಿಲ್ಲ. ಟಿಕೆಟ್ ಯಾರಿಗೆಂಬುದನ್ನು ಪಕ್ಷಗಳೇ ನಿರ್ಧರಿಸುತ್ತವೆ. 20,000 ರೂಪಾಯಿಗೆ ಮೀರಿದ ದೇಣಿಗೆಗಳ ವಿವರವನ್ನು ಪಕ್ಷಗಳು ವರ್ಷಕ್ಕೊಮ್ಮೆ ಚುನಾವಣಾ ಆಯೋಗಕ್ಕೆ ಕೊಡುತ್ತವೆ. ಅಭ್ಯರ್ಥಿಗಳ ವೆಚ್ಚದ ಲೆಕ್ಕ ಬರುವುದು ಫಲಿತಾಂಶದ ನಂತರ 30 ದಿನಗಳೊಳಗೆ. ಆದ್ದರಿಂದ ಮತದಾನಕ್ಕೆ ಮುನ್ನ ವರ್ತಕರ ಕೈಗೆ ಸಿಗುವುದು ಸಮೀಕ್ಷೆಯೊಂದೇ.

ಆ ಸಮೀಕ್ಷೆಯನ್ನು ಓದುವ ಬಗೆ ಹೇಗೆ? ರಾಜ್ಯದಾದ್ಯಂತ 10,000 ಜನರನ್ನು ಮಾತನಾಡಿಸಿದರೆಂದು ಭಾವಿಸೋಣ. 224 ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ಸರಾಸರಿ 45 ಜನ. ಇಷ್ಟು ಸಣ್ಣ ಮಾದರಿಯಲ್ಲಿ ಶೇ. 15ರವರೆಗೂ ಹೆಚ್ಚು ಕಡಿಮೆಯಾಗಬಹುದು. ರಾಜ್ಯದ ಒಟ್ಟು ಒಲವಿನ ಬಗ್ಗೆ ಅದು ಏನನ್ನಾದರೂ ಹೇಳೀತು. ಶಿವಾಜಿನಗರದ ಬಗ್ಗೆ ಹೇಳಲಾರದು.

ಮಾತನಾಡಿಸಿದವರು ಎಲ್ಲಿಯವರೆಂಬುದೂ ಮುಖ್ಯ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಕೇಂದ್ರ ಕ್ಷೇತ್ರದ ಶಿವಾಜಿನಗರ, ಶಾಂತಿನಗರ, ಸರ್ವಜ್ಞನಗರ ವಿಭಾಗಗಳಲ್ಲಿ ಕಾಂಗ್ರೆಸ್ಸಿನ ಮನ್ಸೂರ್ ಅಲಿ ಖಾನ್ ಮುಂದಿದ್ದರು. ಪೂರ್ವದ ಮಹದೇವಪುರವೊಂದರಲ್ಲಿಯೇ ಭಾರತೀಯ ಜನತಾ ಪಕ್ಷಕ್ಕೆ ಲಕ್ಷಕ್ಕೂ ಹೆಚ್ಚು ಮತಗಳ ಮುನ್ನಡೆ ದೊರೆತು, ಪಿ.ಸಿ. ಮೋಹನ್ 32,707 ಮತಗಳಿಂದ ಗೆದ್ದರು. ರಸೆಲ್ ಮಾರುಕಟ್ಟೆಯ ಸುತ್ತಮುತ್ತ ಮಾತ್ರ ವಿಚಾರಿಸಿದವರಿಗೆ ಈ ಫಲಿತಾಂಶದ ಸುಳಿವು ಸಿಗುತ್ತಿರಲಿಲ್ಲ.

ತಪ್ಪು ಅಂದಾಜಿನ ಬೆಲೆ ಎಷ್ಟೆಂಬುದು ಅದೇ ಚುನಾವಣೆಯಲ್ಲಿ ಕಂಡುಬಂತು. 2024ರ ಜೂನ್ 1ರ ಮತಗಟ್ಟೆ ಸಮೀಕ್ಷೆಗಳು ಆಳುವ ಮೈತ್ರಿಕೂಟಕ್ಕೆ ಭಾರಿ ಬಹುಮತ ಹೇಳಿದವು. ಜೂನ್ 3ರಂದು ಸೆನ್ಸೆಕ್ಸ್ 2,507 ಅಂಶ ಏರಿತು. ಮೈತ್ರಿಕೂಟಕ್ಕೆ 293 ಸ್ಥಾನಗಳಷ್ಟೇ ದೊರೆತ ಮರುದಿನ 4,390 ಅಂಶ ಕುಸಿಯಿತು. ಸಮೀಕ್ಷೆಯನ್ನು ನಂಬಿ ಏರಿದ ಬೆಲೆಗೆ ಷೇರು ಕೊಂಡವರ ಪಾಲಿಗೆ ಒಂದೇ ದಿನದಲ್ಲಿ ಲೆಕ್ಕ ತಲೆಕೆಳಗಾಯಿತು.

ಇನ್ನು ದೇಣಿಗೆಯ ವಿಚಾರ. 2018ರಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡ್ ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯವು 2024ರ ಫೆಬ್ರವರಿ 15ರಂದು ರದ್ದುಪಡಿಸಿತು. ಕಂಪನಿಗಳ ದೇಣಿಗೆಗಿದ್ದ ಮಿತಿಯನ್ನು ತೆಗೆದುಹಾಕಿದ್ದ 2017ರ ತಿದ್ದುಪಡಿಯೂ ಅಸಾಂವಿಧಾನಿಕವೆಂದು ಘೋಷಿತವಾಯಿತು. ಆದುದರಿಂದ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 7.5ರ ಮಿತಿಯೊಳಗೆ ಇರುವುದೇ ಕ್ಷೇಮ. ಮೂರು ಆರ್ಥಿಕ ವರ್ಷ ಪೂರೈಸದ ಕಂಪನಿ ದೇಣಿಗೆ ನೀಡುವಂತಿಲ್ಲ. ನಿರ್ದೇಶಕ ಮಂಡಲಿಯ ನಿರ್ಣಯ ಕಡ್ಡಾಯ, ನಗದು ಸಲ್ಲದು. ನಿಯಮ ಮೀರಿದರೆ ಕೊಟ್ಟ ಮೊತ್ತದ ಐದು ಪಟ್ಟಿನವರೆಗೆ ದಂಡ, ಹೊಣೆಗಾರ ಅಧಿಕಾರಿಗಳಿಗೆ ಆರು ತಿಂಗಳವರೆಗೆ ಸೆರೆವಾಸವೂ ಆಗಬಹುದು. ಕಂಪನಿಯಲ್ಲದ ಏಕವ್ಯಕ್ತಿ ಅಂಗಡಿಗೆ ಈ ಕಲಮು ಅನ್ವಯಿಸದಿದ್ದರೂ, ನಗದಾಗಿ ಕೊಟ್ಟ ಹಣಕ್ಕೆ ತೆರಿಗೆ ವಿನಾಯಿತಿ ಇಲ್ಲ.

ಸಮೀಕ್ಷೆ ಬಂದಾಗ ಎಷ್ಟು ಜನರನ್ನು, ಎಲ್ಲಿ, ಯಾವ ದಿನ ಕೇಳಿದರೆಂದು ವಿಚಾರಿಸಬೇಕು. ದೇಣಿಗೆ ಕೇಳಿ ಬಂದಾಗ ಚೆಕ್ಕಿನಲ್ಲಿ ಕೊಟ್ಟು ರಸೀದಿ ಪಡೆಯಬೇಕು. ಗೆಲ್ಲುವವರಾರೆಂಬ ಊಹೆ ತಪ್ಪಿದರೂ, ಪುಸ್ತಕದಲ್ಲಿ ಸರಿಯಾಗಿ ಬರೆದಿಟ್ಟ ಲೆಕ್ಕ ವರ್ತಕನ ಕೈ ಬಿಡುವುದಿಲ್ಲ.