ಹಳ್ಳಿಗೆ ಹತ್ತು ಸಾವಿರ: ಅನುದಾನದ ಹಿಂದಿನ ಹೊಣೆ

ವಿಶ್ವವಿದ್ಯಾನಿಲಯವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಪರೀಕ್ಷೆ, ಅಂಕಪಟ್ಟಿ ಮತ್ತು ಪದವಿ. ಆದರೆ ಉನ್ನತ ಶಿಕ್ಷಣಕ್ಕೆ ತನ್ನ ಸುತ್ತಲಿನ ಜನರ ಋಣವೂ ಇದೆ. ಆ ಋಣ ತೀರಿಸಲೆಂದು ಸರಕಾರವು ಕಾಲೇಜುಗಳಿಗೆ ಅನುದಾನ ನೀಡುತ್ತದೆಂಬುದು ಅನೇಕ ಹೆತ್ತವರಿಗೆ ತಿಳಿದಿರಲಿಕ್ಕಿಲ್ಲ.

1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷದಲ್ಲಿ, ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು ರಾಷ್ಟ್ರೀಯ ಸೇವಾ ಯೋಜನೆಯನ್ನು 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭಿಸಿದರು. ವಿದ್ಯಾರ್ಥಿಯು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸುವುದು, ಏಳು ದಿನಗಳ ವಿಶೇಷ ಶಿಬಿರದಲ್ಲಿ ಪಾಲ್ಗೊಳ್ಳುವುದು ಅದರ ಕ್ರಮ. ಇಂಗುಗುಂಡಿ, ರಸ್ತೆ ದುರಸ್ತಿ, ಗಿಡ ನೆಡುವಿಕೆ ಮುಂತಾದ ಶ್ರಮದಾನವನ್ನು ನಮ್ಮ ಊರುಗಳು ಬಹುಕಾಲದಿಂದ ಕಂಡಿವೆ.

2014ರ ನವೆಂಬರ್‌ನಲ್ಲಿ ಪ್ರಾರಂಭವಾದ ಉನ್ನತ ಭಾರತ ಅಭಿಯಾನವು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ದೆಹಲಿಯ ಐ.ಐ.ಟಿ. ಇದರ ರಾಷ್ಟ್ರೀಯ ಸಮನ್ವಯ ಸಂಸ್ಥೆ. ಪಾಲ್ಗೊಳ್ಳುವ ಪ್ರತಿಯೊಂದು ವಿದ್ಯಾಸಂಸ್ಥೆಯು ಕನಿಷ್ಠ ಐದು ಹಳ್ಳಿಗಳನ್ನು ಆರಿಸಿಕೊಳ್ಳಬೇಕು. ಆರಂಭಿಕ ಕಾರ್ಯಕ್ಕೆ ದೊರೆಯುವ ನೆರವು 50,000 ರೂಪಾಯಿ, ಅಂದರೆ ಹಳ್ಳಿಗೆ 10,000. ಇಷ್ಟರಲ್ಲಿ ಸೇತುವೆ ಕಟ್ಟಲಾಗದು, ಬಾವಿ ತೋಡಲಾಗದು. ಈ ಹಣ ಅದಕ್ಕಾಗಿ ಇರುವುದೂ ಅಲ್ಲ. ಮನೆಮನೆಗೆ ಹೋಗಿ, ಅಲ್ಲಿಯ ಕಷ್ಟವೇನೆಂದು ಕೇಳಿ ಬರೆದುಕೊಳ್ಳಲು ಇರುವ ಹಣವಿದು. ಕೊರತೆ ಕುಡಿಯುವ ನೀರಿನದೋ, ಶೌಚಾಲಯದದೋ, ಬೆಳೆಯ ಮಾರಾಟದದೋ ಎಂಬುದು ಗ್ರಾಮ ಪಂಚಾಯತಿಯ ಸಹಕಾರದಿಂದ ಸ್ಪಷ್ಟವಾದ ಬಳಿಕ, ತಕ್ಕ ತಂತ್ರಜ್ಞಾನವನ್ನು ರೂಪಿಸಲು ಪ್ರತ್ಯೇಕ ನೆರವು ಕೋರಬಹುದು.

ಮೊದಲು ಕೇಳುವುದು, ಬಳಿಕ ಕೊಡುವುದು. ಈ ಕ್ರಮವು ತಲೆಕೆಳಗಾದರೆ ಪಾಲುದಾರಿಕೆಯು ದಾನವಾಗುತ್ತದೆ. ಕೇಳಿ ಹೋದವರು ಮರಳದಿದ್ದರಂತೂ ಅದು ವಂಚನೆಗೆ ಸಮಾನ. ಬೀಡಿ ಕಟ್ಟುವ ತಾಯಿಯೊಬ್ಬಳು ಕೈಕೆಲಸ ಬದಿಗಿಟ್ಟು ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರಿಸುತ್ತಾಳೆಂದರೆ ಆಕೆ ತನ್ನ ಅಂದಿನ ಸಂಪಾದನೆಯ ಒಂದು ಪಾಲನ್ನು ಬಿಟ್ಟುಕೊಟ್ಟಂತೆ. ಹತ್ತು ಸಾವಿರ ರೂಪಾಯಿಯ ಲೆಕ್ಕದಲ್ಲಿ ಆ ಕಾಣಿಕೆ ದಾಖಲಾಗುವುದಿಲ್ಲ. ಅದರಿಂದ ಏನಾಯಿತೆಂದು ತಿಳಿಯುವ ಹಕ್ಕು ಆಕೆಗಿದೆ.

ಜಗದ್ಗುರು ಎರಡನೆಯ ಜಾನ್ ಪಾಲ್ ಅವರು 1990ರಲ್ಲಿ ಕಥೋಲಿಕ ವಿಶ್ವವಿದ್ಯಾನಿಲಯಗಳ ಕುರಿತು ಹೊರಡಿಸಿದ ಪ್ರೇಷಿತ ಸಂವಿಧಾನದಲ್ಲಿ ಸಮಾಜಸೇವೆಯನ್ನು ಅವುಗಳ ಧ್ಯೇಯದ ಅಂಗವೆಂದೇ ಪರಿಗಣಿಸಿದ್ದಾರೆ. ಧರ್ಮಸಭೆಯ ಅನೇಕ ಕಾಲೇಜುಗಳಿರುವ ನಮ್ಮ ನಾಡಿನಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ.

ಆದುದರಿಂದ ಹೆತ್ತವರು ತಮ್ಮ ಮಕ್ಕಳ ಕಾಲೇಜು ಯಾವ ಹಳ್ಳಿಗಳೊಡನೆ ದುಡಿಯುತ್ತಿದೆಯೆಂದು ವಿಚಾರಿಸಲಿ. "ಓದು ಹಾಳಾಗುತ್ತದೆ" ಎಂದು ಮಕ್ಕಳನ್ನು ತಡೆಯದಿರಲಿ, ಇದೂ ಓದೇ. ಇನ್ನು, ನಮ್ಮ ಗ್ರಾಮವೇ ಆಯ್ಕೆಯಾಗಿದ್ದರೆ, ಸಮೀಕ್ಷೆಯ ವರದಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಿರೆಂದು ಕೇಳಲು ನಾವು ಹಿಂಜರಿಯಬಾರದು. ಅನುದಾನದ ಲೆಕ್ಕವನ್ನು ಸರಕಾರಕ್ಕೆ ಒಪ್ಪಿಸುವಂತೆಯೇ ಕೆಲಸದ ಲೆಕ್ಕವನ್ನು ಊರಿಗೂ ಒಪ್ಪಿಸಬೇಕು.