ನೆಟ್‌ವರ್ಕ್ ಸ್ವಿಚ್ಚನ್ನು ಪೆಟ್ಟಿಗೆಯೊಳಗೆ ಕೂರಿಸುವ ಕ್ರಮ

(ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರಿಂದ)

ಪಾಲಿಹೌಸುಗಳಲ್ಲಿಯೂ, ಹನಿ ನೀರಾವರಿಯ ಪಂಪುಮನೆಗಳಲ್ಲಿಯೂ, ಹಾಲಿನ ಸಹಕಾರ ಸಂಘಗಳಲ್ಲಿಯೂ ನೆಟ್‌ವರ್ಕ್ ಸ್ವಿಚ್ಚೆಂಬ ಸಣ್ಣ ಯಂತ್ರವು ಈಚೆಗೆ ಬಳಕೆಗೆ ಬಂದಿದೆ. ಕೇಂದ್ರ ಸರ್ಕಾರದವರು ೨೦೧೧ರಲ್ಲಿ ಅಂಗೀಕರಿಸಿ, ೨೦೧೫ರಿಂದ ಭಾರತ್‌ನೆಟ್ ಎಂಬ ಹೆಸರಿನಿಂದ ನಡೆಯಿಸುತ್ತಿರುವ ಯೋಜನೆಯ ಮೂಲಕ ಗಾಜಿನ ಎಳೆಯ ತಂತಿಯು ಗ್ರಾಮ ಪಂಚಾಯಿತಿಗಳವರೆಗೆ ಬರತೊಡಗಿದ ಮೇಲೆ ಇದರ ಉಪಯೋಗವು ಇನ್ನೂ ಹೆಚ್ಚಿದೆ. ಆದರೆ ಯಂತ್ರಕ್ಕೆ ಹಣವನ್ನು ಕೊಡುವವರು ಅದನ್ನಿಡುವ ಪೆಟ್ಟಿಗೆಯ ವಿಷಯದಲ್ಲಿ ಉದಾಸೀನರಾಗಿರುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಆದಕಾರಣ ಗ್ರಾಮದ ಮುಖಂಡರ ಮತ್ತು ಜಮೀನುದಾರರ ತಿಳಿವಳಿಕೆಗಾಗಿ ಕೆಲವು ಮಾತುಗಳನ್ನು ಇಲ್ಲಿ ಬರೆದಿದೆ.

ಇದನ್ನು ದೀಪ ಹೊತ್ತಿಸುವ ಸ್ವಿಚ್ಚೆಂದು ಭಾವಿಸಬಾರದು. ಅಂಚೆಯ ಚೀಲವನ್ನು ಬಿಚ್ಚಿ, ವಿಳಾಸವನ್ನು ನೋಡಿ, ಯಾವ ಕಾಗದವು ಯಾವ ಮನೆಗೆಂದು ವಿಂಗಡಿಸುವ ಅಂಚೆಯವನ ಕೆಲಸವನ್ನೇ ಇದು ಮಾಡುತ್ತದೆ. ಕ್ಯಾಮೆರಾ, ಹವೆಯನ್ನು ಅಳೆಯುವ ಉಪಕರಣ, ನೀರಿನ ವಾಲ್ವನ್ನು ನಡೆಯಿಸುವ ಯಂತ್ರ ಇವೆಲ್ಲವುಗಳ ಸಮಾಚಾರವೂ ಇದರ ಮೂಲಕವೇ ಹಾಯ್ದುಹೋಗಬೇಕು. ಆದ್ದರಿಂದ ಇದೊಂದು ಕೆಟ್ಟರೆ ಮಿಕ್ಕವೆಲ್ಲವೂ ಒಮ್ಮೆಲೇ ಮೂಕವಾಗುವುವು. ಪಾಲಿಹೌಸಿನಲ್ಲಿ ಬೇಸಗೆಯ ಮಧ್ಯಾಹ್ನ ಹೀಗಾಗಿ, ತುಂತುರು ನೀರು ನಿಂತು ಕಿಟಕಿಗಳು ತೆರೆಯದೆ ಹೋದರೆ, ತಿಂಗಳುಗಟ್ಟಲೆ ಸಾಕಿದ ದೊಣ್ಣೆಮೆಣಸಿನ ಗಿಡಗಳು ಒಂದೇ ದಿನದಲ್ಲಿ ಬಾಡಿಹೋಗಬಹುದು.

ಸ್ಥಳವನ್ನು ಆರಿಸುವುದು

ಸ್ವಿಚ್ಚಿಗೆ ಮೊದಲನೆಯ ಶತ್ರುವು ಬಿಸಿಲು. ಕಚೇರಿಯ ಉಪಯೋಗಕ್ಕೆಂದು ಮಾಡಿದ ಸ್ವಿಚ್ಚುಗಳು ಸಾಮಾನ್ಯವಾಗಿ ೪೦ ಡಿಗ್ರಿ ಸೆಂಟಿಗ್ರೇಡಿನವರೆಗಿನ ಹವೆಗೆ ಮಾತ್ರ ತಕ್ಕವು. ರಾಯಚೂರು, ಕಲಬುರಗಿ ಮುಂತಾದ ಬಯಲುಸೀಮೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ನೆರಳಿನಲ್ಲಿಯೇ ಇದಕ್ಕಿಂತ ಹೆಚ್ಚಿನ ಶಾಖವಿರುವುದುಂಟು. ಮೇಲಾಗಿ ಪೆಟ್ಟಿಗೆಯೊಳಗಿನ ಯಂತ್ರಗಳೂ ಶಾಖವನ್ನು ಬಿಡುತ್ತವೆ. ಉದಾಹರಣೆಗೆ, ೪೦ ಸೆಂಟಿಮೀಟರು ಉದ್ದ, ಅಷ್ಟೇ ಅಗಲ, ೨೦ ಸೆಂಟಿಮೀಟರು ಆಳವುಳ್ಳ ಕಬ್ಬಿಣದ ತಗಡಿನ ಪೆಟ್ಟಿಗೆಯನ್ನು ಗೋಡೆಗೆ ಹೊಡೆದು, ಅದರೊಳಗೆ ೨೦ ವ್ಯಾಟ್ ಶಾಖ ಬಿಡುವ ಯಂತ್ರಗಳನ್ನಿಟ್ಟರೆ, ಒಳಗಿನ ಗಾಳಿಯು ಹೊರಗಿನದಕ್ಕಿಂತ ಸುಮಾರು ೯ ಡಿಗ್ರಿ ಹೆಚ್ಚು ಬಿಸಿಯಾಗುವುದೆಂದು ಲೆಕ್ಕ ಹಾಕಬಹುದು. ಹೊರಗೆ ೪೦ ಇದ್ದಲ್ಲಿ ಒಳಗೆ ೪೯. ಪ್ಲಾಸ್ಟಿಕ್ ಪೆಟ್ಟಿಗೆಯಾದರೆ ಇನ್ನೂ ಹೆಚ್ಚು.

ಇದು ನೆರಳಿನ ಲೆಕ್ಕವಾಯಿತು. ಪ್ರಖರವಾದ ಬಿಸಿಲು ನೆಟ್ಟಗೆ ಬಿದ್ದರೆ ಒಂದು ಚದರ ಮೀಟರಿನ ಮೇಲೆ ಸುಮಾರು ೧೦೦೦ ವ್ಯಾಟ್ ಶಾಖವು ಬೀಳುತ್ತದೆ. ಅಂದರೆ ಮೇಲೆ ಹೇಳಿದ ಪೆಟ್ಟಿಗೆಯ ಬಾಗಿಲೊಂದರ ಮೇಲೆಯೇ ೧೫೦ ವ್ಯಾಟಿಗಿಂತ ಹೆಚ್ಚು. ಯಂತ್ರವು ತಾನಾಗಿ ಬಿಡುವ ಶಾಖದ ಹಲವು ಪಾಲು. ಇಂಥ ಯಂತ್ರಗಳೊಳಗಿನ ಕೆಪಾಸಿಟರುಗಳ ಆಯುಸ್ಸು, ಶಾಖವು ೧೦ ಡಿಗ್ರಿ ಏರಿದಷ್ಟು ಸಲವೂ ಸುಮಾರು ಅರ್ಧವಾಗುತ್ತ ಹೋಗುವುದೆಂಬುದು ತಜ್ಞರು ಅನುಸರಿಸುವ ಸೂತ್ರ. ಆದ್ದರಿಂದ ಪಡುವಣ ಗೋಡೆಯನ್ನು ಬಿಟ್ಟು ಬಡಗಣ ಗೋಡೆಯ ನೆರಳನ್ನೋ, ಪಂಪುಮನೆಯ ಒಳಭಾಗವನ್ನೋ ಆರಿಸತಕ್ಕದ್ದು. ಹೊರಗೇ ಇಡಬೇಕಾದಲ್ಲಿ ಪೆಟ್ಟಿಗೆಗೆ ಬಿಳಿಯ ಬಣ್ಣವನ್ನು ಬಳಿಸಿ, ಮೇಲೆ ಗಾಳಿಯಾಡುವಷ್ಟು ಅಂತರವನ್ನು ಬಿಟ್ಟು ತಗಡಿನ ಮರೆಯನ್ನು ಕಟ್ಟಿಸಬೇಕು. ಬಯಲುಸೀಮೆಯವರು ೬೦ ಡಿಗ್ರಿಗಿಂತ ಮೇಲ್ಪಟ್ಟ ಶಾಖವನ್ನು ತಾಳುವ, ಕಾರ್ಖಾನೆಗಳಿಗೆಂದು ಮಾಡಿದ ಸ್ವಿಚ್ಚನ್ನೇ ಕೊಳ್ಳುವುದು ಉತ್ತಮ.

ರಸಗೊಬ್ಬರವನ್ನೂ ಆಮ್ಲವನ್ನೂ ಶೇಖರಿಸಿಟ್ಟ ಕೊಠಡಿಯಲ್ಲಿಯೂ, ಕೋಳಿ ಮನೆ, ಕೊಟ್ಟಿಗೆಗಳ ಒಳಗೂ ಇದನ್ನು ಇಡಕೂಡದು. ಗಂಜಲದಿಂದೇಳುವ ಅಮೋನಿಯಾ ಅನಿಲವು ತಾಮ್ರವನ್ನು ತಿಂದುಬಿಡುತ್ತದೆ.

ಪೆಟ್ಟಿಗೆಯ ಗುಣ

ಪೆಟ್ಟಿಗೆಯ ಮೇಲೆ ಐಪಿ ಎಂಬ ಅಕ್ಷರಗಳೊಡನೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಧೂಳಿಗೂ ಎರಡನೆಯದು ನೀರಿಗೂ ಸಂಬಂಧಿಸಿದ್ದು. ಐಪಿ ೬೫ ಎಂದರೆ ಧೂಳು ಸ್ವಲ್ಪವೂ ಒಳಹೊಗದು, ರಭಸದಿಂದ ಚಿಮ್ಮಿದ ನೀರೂ ಕೆಡುಕು ಮಾಡದು. ಹೊರಗೆ ಇಡುವುದಕ್ಕೆ ಇದು ಸಾಕು. ಆದರೆ ಬಡಗಿಯ ಬೈರಿಗೆಯಿಂದ ಮನಬಂದಂತೆ ಒಂದು ತೂತನ್ನು ಕೊರೆದ ಕೂಡಲೇ ಈ ಅಂಕಿಗೆ ಬೆಲೆಯಿರದು. ತಂತಿ ಒಳಹೊಗುವಲ್ಲೆಲ್ಲ ರಬ್ಬರಿನ ಬಿಗಿಯುಳ್ಳ ಗ್ಲಾಂಡನ್ನು ಹಾಕಿಸತಕ್ಕದ್ದು. ಹಾಗಿಲ್ಲದಿದ್ದರೆ ಇರುವೆ, ಹಲ್ಲಿ, ಕಣಜಗಳು ಒಳಸೇರಿ ಗೂಡು ಮಾಡುವುವು.

ಬಿಗಿಯಾದ ಪೆಟ್ಟಿಗೆಗೂ ಒಂದು ದೋಷವುಂಟು. ಹಗಲು ಹಿಗ್ಗಿದ ಗಾಳಿಯು ರಾತ್ರಿ ಕುಗ್ಗುವಾಗ ಹೊರಗಿನ ತೇವವನ್ನು ಎಳೆದುಕೊಳ್ಳುತ್ತದೆ. ಆ ತೇವವು ಒಳಗೆ ಬೆವರಿನಂತೆ ಹನಿಗಟ್ಟುತ್ತದೆ. ಆಗುಂಬೆಯಂಥ ಮಲೆನಾಡಿನ ಪ್ರದೇಶಗಳಲ್ಲಿ ಇದರ ಬಾಧೆ ಹೆಚ್ಚು. ಪೆಟ್ಟಿಗೆಯ ತಳದಲ್ಲಿ, ಗಾಳಿಯಾಡಿಸಿ ನೀರನ್ನು ಹೊರಬಿಡುವ ಉಸಿರುಮೂತಿಯನ್ನು ಕೂರಿಸುವುದೇ ಇದಕ್ಕೆ ಪರಿಹಾರ.

ಕೂರಿಸುವ ವಿಧಾನ

ಸ್ವಿಚ್ಚನ್ನು ಪೆಟ್ಟಿಗೆಯ ತಳದಲ್ಲಿ ಸುಮ್ಮನೆ ಇಡುವುದು ತಪ್ಪು. ಸಣ್ಣ ಪೆಟ್ಟಿಗೆಗಳಲ್ಲಿ ೩೫ ಮಿಲಿಮೀಟರು ಅಗಲದ ಡಿನ್ ರೈಲೆಂಬ ಲೋಹದ ಪಟ್ಟಿಯನ್ನು ಹಿಂಬದಿಗೆ ಅಡ್ಡಲಾಗಿ ತಿರುಪಿನಿಂದ ಬಿಗಿದು, ಸ್ವಿಚ್ಚನ್ನು ಅದಕ್ಕೆ ಸಿಕ್ಕಿಸುವುದು ವಾಡಿಕೆ. ಕಚೇರಿಗಳ ದೊಡ್ಡ ಪೆಟ್ಟಿಗೆಗಳು ೧೯ ಅಂಗುಲದ ಅಳತೆಯವು. ಅವುಗಳಲ್ಲಿ ಎತ್ತರವನ್ನು ೧.೭೫ ಅಂಗುಲದ ಯೂನಿಟ್ಟುಗಳಲ್ಲಿ ಎಣಿಸುತ್ತಾರೆ. ಕೊಳ್ಳುವ ಮೊದಲೇ ಸ್ವಿಚ್ಚು ಯಾವ ಬಗೆಯದೆಂದು ವಿಚಾರಿಸಬೇಕು. ಯಂತ್ರದ ಮೇಲೂ ಕೆಳಗೂ ಸುಮಾರು ೫ ಸೆಂಟಿಮೀಟರು ಬರಿದಾಗಿರಲಿ. ಅದರ ಗಾಳಿಕಂಡಿಗಳನ್ನು ಮುಚ್ಚಬಾರದು. ಮುಂದುಗಡೆ ತಂತಿಯ ತುದಿಗಳು ಬಾಗುವುದಕ್ಕೂ ಸ್ಥಳ ಬೇಕು. ಬಾಗಿಲನ್ನು ಒತ್ತಿ ಮುಚ್ಚುವಾಗ ಗಾಜಿನ ಎಳೆಯು ಮುರಿದರೆ ಹೊರಗೆ ಏನೂ ಕಾಣದು, ಸಂಪರ್ಕ ಮಾತ್ರ ಕಡಿದುಹೋಗಿರುತ್ತದೆ.

ತಂತಿಗಳೆಲ್ಲವೂ ಪೆಟ್ಟಿಗೆಯ ಕೆಳಗಡೆಯಿಂದಲೇ ಒಳಹೊಗಬೇಕು. ಹೊಗುವ ಮೊದಲು ತೊಟ್ಟಿಲಿನಂತೆ ಇಳಿದು ಮೇಲೇರಿದರೆ ಮಳೆಯ ನೀರು ಆ ತಗ್ಗಿನಲ್ಲಿಯೇ ತೊಟ್ಟಿಕ್ಕುತ್ತದೆ. ೨೩೦ ವೋಲ್ಟಿನ ತಂತಿಯು ಒಂದು ಪಕ್ಕದಲ್ಲಿಯೂ ಸಮಾಚಾರದ ತಂತಿಯು ಇನ್ನೊಂದು ಪಕ್ಕದಲ್ಲಿಯೂ ಇರತಕ್ಕದ್ದು. ಪಂಪಿನ ಸ್ಟಾರ್ಟರನ್ನು ಇದೇ ಪೆಟ್ಟಿಗೆಯಲ್ಲಿ ಎಂದಿಗೂ ಸೇರಿಸಬಾರದು; ಅದು ಪ್ರತಿಸಲ ಬಿಟ್ಟು ಹತ್ತುವಾಗಲೂ ವಿದ್ಯುತ್ತಿನ ಪೆಟ್ಟು ಸ್ವಿಚ್ಚಿಗೆ ತಗಲುವುದು.

ಭೂಸಂಪರ್ಕ ಮತ್ತು ಸಿಡಿಲು

ಮುಂಗಾರಿನ ಮೊದಲು ಬೀಳುವ ಸಿಡಿಲಿಗೆ ತಾಮ್ರದ ತಂತಿಯೇ ದಾರಿ. ಹೊಲದ ಕ್ಯಾಮೆರಾದ ಹತ್ತಿರ ಬಿದ್ದ ಸಿಡಿಲು ತಂತಿಯನ್ನು ಹಿಡಿದು ಬಂದು ಸ್ವಿಚ್ಚನ್ನು ಸುಡುವುದಲ್ಲದೆ, ಪೆಟ್ಟಿಗೆಯನ್ನು ಮುಟ್ಟಿದವರ ಪ್ರಾಣಕ್ಕೂ ಅಪಾಯವನ್ನು ತರಬಹುದು. ಪೆಟ್ಟಿಗೆಯ ಮೈ, ಬಾಗಿಲು, ಲೋಹದ ಪಟ್ಟಿ, ಸ್ವಿಚ್ಚಿನ ಅರ್ತ್ ತಿರುಪು ಇವೆಲ್ಲವನ್ನೂ ತಾಮ್ರದ ತಂತಿಯಿಂದ ಭೂಸಂಪರ್ಕಕ್ಕೆ ಸೇರಿಸತಕ್ಕದ್ದು. ಪಂಪಿನ ಅರ್ತಿಂಗು ಬೇರೆಯಿದ್ದರೆ ಎರಡನ್ನೂ ಒಂದಕ್ಕೊಂದು ಕೂಡಿಸತಕ್ಕದ್ದು. ತಾಮ್ರದ ಜಾಲದ ತಂತಿಯು ೧೦೦ ಮೀಟರಿಗಿಂತ ಹೆಚ್ಚು ದೂರಕ್ಕೆ ತಕ್ಕುದಲ್ಲ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವಾಗ, ಅದಕ್ಕಿಂತ ಕಡಿಮೆ ದೂರವಾದರೂ, ಲೋಹವಿಲ್ಲದ ಗಾಜಿನ ಎಳೆಯ ತಂತಿಯೇ ಕ್ಷೇಮ. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ. ೨೩೦ ವೋಲ್ಟಿನ ಕೆಲಸವನ್ನು ಲೈಸೆನ್ಸು ಪಡೆದ ವಿದ್ಯುತ್ ಕೆಲಸಗಾರನಿಂದಲೇ ಮಾಡಿಸಿ, ೩೦ ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನು ಹಾಕಿಸಬೇಕು.

ವರ್ಷಕ್ಕೆರಡು ಸಲ ನೋಡತಕ್ಕ ಅಂಶಗಳು

ಯುಗಾದಿಯ ಸುಮಾರಿಗೆ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ, ವಿದ್ಯುತ್ತನ್ನು ನಿಲ್ಲಿಸಿ ಪೆಟ್ಟಿಗೆಯನ್ನು ತೆರೆದು ಹೀಗೆ ಪರೀಕ್ಷಿಸಬೇಕು:

೧. ಬಾಗಿಲಿನ ರಬ್ಬರು ಬಿರಿದಿದೆಯೇ?
೨. ಒಳಗೆ ತೇವವೋ ತುಕ್ಕೋ ಕಂಡುಬರುತ್ತದೆಯೇ?
೩. ಅರ್ತಿನ ತಿರುಪು ಸಡಿಲವಾಗಿದೆಯೇ?
೪. ಇಲಿ ಕಡಿದ ಗುರುತುಂಟೇ?
೫. ಪ್ರತಿ ತಂತಿಗೂ ಅದು ಎಲ್ಲಿಗೆ ಹೋಗುವುದೆಂಬ ಚೀಟಿಯಿದೆಯೇ?

ಕೊನೆಯದನ್ನು ಅಲ್ಪವೆಂದು ಎಣಿಸಬಾರದು. ರಾತ್ರಿಯಲ್ಲಿ ಯಂತ್ರ ನಿಂತಾಗ, ಕಟ್ಟಿದವನು ಊರಿನಲ್ಲಿಲ್ಲದಿದ್ದರೂ, ಚೀಟಿಯನ್ನು ಓದಬಲ್ಲ ಯಾರಾದರೂ ಎಲ್ಲಿ ಕೆಟ್ಟಿದೆಯೆಂಬುದನ್ನು ಕಂಡುಕೊಳ್ಳಬಹುದು. ಸ್ವಿಚ್ಚನ್ನು ಕೊಳ್ಳುವಾಗಲೇ ಪೆಟ್ಟಿಗೆಗೂ ಅರ್ತಿಂಗಿಗೂ ಬೇಕಾದ ಹಣವನ್ನು ಲೆಕ್ಕದಲ್ಲಿ ಸೇರಿಸಿಕೊಂಡವರಿಗೆ ಮುಂದೆ ಬೆಳೆಯ ನಷ್ಟವೂ ಪ್ರಾಣಭಯವೂ ಬಹುಮಟ್ಟಿಗೆ ತಪ್ಪುವುವು.